ಪಟ್ಟಿಯಲ್ಲಿಲ್ಲದ ಕಲ್ಲು

2013ರ ಫೆಬ್ರವರಿ. ಎಂಬಿಬಿಎಸ್ ಮುಗಿಸಿ ಯಲಹಂಕದ ಒಂದು ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸೇರಿ ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ದೊಡ್ಡ ವೈದ್ಯರು ಬಂದು ಹೋಗುವ ನಡುವಿನ ಹೊತ್ತನ್ನೆಲ್ಲ ಕಾಯುವವರು ಡ್ಯೂಟಿ ಡಾಕ್ಟರು. ಬಿಪಿ ನೋಡಬೇಕು, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಬೇಕು, ಬರೆದಿಡಬೇಕು, ಏರುಪೇರಾದರೆ ಫೋನ್ ಮಾಡಬೇಕು. ಶಸ್ತ್ರಚಿಕಿತ್ಸೆ ಮಾಡುವವರು ನಮ್ಮ ಹಿರಿಯ ಪ್ರಸೂತಿ ತಜ್ಞೆ. ಅವರನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಾಲೇಜಿನ ದಿನಗಳಿಂದ ನನಗೆ ಇನ್ನೊಂದು ಅಭ್ಯಾಸವಿತ್ತು. ಸೂರ್ಯನನ್ನು ಸುತ್ತುವ ಬಂಡೆಗಳಲ್ಲಿ ಕೆಲವು ಭೂಮಿಯ ದಾರಿಯ ಹತ್ತಿರ ಹಾದುಹೋಗುತ್ತವೆ. ಅವುಗಳಿಗೆ ನಿಯರ್ ಅರ್ಥ್ ಆಸ್ಟರಾಯ್ಡ್, ಅಂದರೆ ಭೂಮಿಗೆ ಸಮೀಪದ ಕ್ಷುದ್ರಗ್ರಹ ಎಂದು ಹೆಸರು. ಯಾವುದು ಎಂದು ಬರುತ್ತದೆ, ಎಷ್ಟು ದೊಡ್ಡದು, ಎಷ್ಟು ದೂರದಲ್ಲಿ ಹಾದುಹೋಗುತ್ತದೆ ಎಂಬ ಪಟ್ಟಿ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಅದರಲ್ಲಿ ದೂರವನ್ನು ಚಂದ್ರನ ಲೆಕ್ಕದಲ್ಲಿ ಕೊಡುತ್ತಾರೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ, ಅದು ಒಂದು. ಪಟ್ಟಿಯ ಬಹುಪಾಲು ಕಲ್ಲುಗಳು ಹತ್ತು, ಇಪ್ಪತ್ತು ಚಂದ್ರದೂರಗಳಾಚೆ ಹಾದುಹೋಗುವಂಥವು. ದಿನಕ್ಕೊಮ್ಮೆ ಅದನ್ನು ನೋಡಿ, ಹತ್ತಿರದ್ದೇನಾದರೂ ಇದ್ದರೆ ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಮೇಡಂ ನನಗೆ ಕಲ್ಲು ಡಾಕ್ಟರ್ ಎಂದು ಅಡ್ಡಹೆಸರಿಟ್ಟಿದ್ದರು. ಅದನ್ನು ಕೇಳಿಸಿಕೊಂಡ ರೋಗಿಯೊಬ್ಬರು ತಮ್ಮ ಗಂಡನ ಕಿಡ್ನಿ ಸ್ಕ್ಯಾನನ್ನು ನನ್ನ ಮುಂದೆ ತಂದು ಹಿಡಿದದ್ದೂ ಉಂಟು.

ಆ ಫೆಬ್ರವರಿಯಲ್ಲಿ ಪಟ್ಟಿಯಲ್ಲಿದ್ದ ಒಂದು ಕಲ್ಲಿನ ದೂರ ನೋಡಿ ನಾನು ಎರಡು ಸಲ ಕಣ್ಣುಜ್ಜಿಕೊಂಡಿದ್ದೆ. ಅದರ ಹೆಸರು 2012 ಡಿಎ14. ಹಿಂದಿನ ವರ್ಷ ಸ್ಪೇನಿನ ವೀಕ್ಷಕರು ಕಂಡುಹಿಡಿದದ್ದು. ಆಗಿನ ಅಂದಾಜಿನ ಪ್ರಕಾರ ಸುಮಾರು 45 ಮೀಟರ್ ಗಾತ್ರ. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ಬೇಕಾಗಿದ್ದದ್ದು 368 ದಿನ, ಹೆಚ್ಚುಕಡಿಮೆ ನಮ್ಮ ವರ್ಷದಷ್ಟೇ. ಫೆಬ್ರವರಿ 15, ಶುಕ್ರವಾರ ಕಳೆದ ರಾತ್ರಿ, ನಮ್ಮ ಗಡಿಯಾರದಲ್ಲಿ 12 ಗಂಟೆ 55 ನಿಮಿಷಕ್ಕೆ ಅದು ಭೂಮಿಯಿಂದ ಸುಮಾರು 27,700 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವುದಿತ್ತು. ನಮ್ಮ ಟೀವಿ ಉಪಗ್ರಹಗಳು ಇರುವುದು ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ. ಅಂದರೆ ಕಲ್ಲು ಅವುಗಳಿಗಿಂತ ಒಳಗೆ ನುಗ್ಗಿ ಹೊರಗೆ ಹೋಗುವುದಿತ್ತು. ಆದರೆ ದಾರಿ ನಿಖರವಾಗಿ ಗೊತ್ತಾಗಿತ್ತು. ಬೀಳುವ ಸಾಧ್ಯತೆ ಇರಲೇ ಇಲ್ಲ.

ಪವಿತ್ರ ಅಡ್ಮಿಟ್ ಆದದ್ದು 12ನೇ ತಾರೀಖು, ಮಂಗಳವಾರ. ಊರು ಹುಣಸಮಾರನಹಳ್ಳಿ, ತವರು ಬಾಗಲೂರು. ನರ್ಸರಿ ಶಾಲೆಯಲ್ಲಿ ಟೀಚರ್. ಚೊಚ್ಚಲ ಬಸಿರು, ಮೂವತ್ತೇಳನೆಯ ವಾರ ಹತ್ತಿರ ಬಂದಿತ್ತು. ಮುಖ ಮತ್ತು ಕಾಲು ಊದಿಕೊಂಡಿದ್ದವು, ಬಿಪಿ 150/100, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಇದಕ್ಕೆ ಪ್ರೀಎಕ್ಲಾಂಪ್ಸಿಯಾ ಎನ್ನುತ್ತಾರೆ. ಬಸಿರಿನಿಂದಲೇ ಹುಟ್ಟುವ ರಕ್ತದೊತ್ತಡದ ಕಾಯಿಲೆ. ಕೈಮೀರಿದರೆ ತಾಯಿಗೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರೂ ಹೋಗಬಹುದು. ಅದಕ್ಕೆ ನಿಜವಾದ ಮದ್ದು ಒಂದೇ, ಹೆರಿಗೆ. ಅಲ್ಲಿಯವರೆಗೆ ದಿನಕ್ಕೆ ಮೂರು ಸಲ ಬಿಪಿ ಮಾತ್ರೆ. ಮಗುವಿಗೆ ಇನ್ನೆರಡು ಮೂರು ದಿನ ಸಿಕ್ಕರೆ ಒಳ್ಳೆಯದೆಂದು ಮೇಡಂ ಶುಕ್ರವಾರ ಮಧ್ಯಾಹ್ನಕ್ಕೆ ಸಿಸೇರಿಯನ್ ನಿಗದಿ ಮಾಡಿದರು.

ಬುಧವಾರ ಬೆಳಗ್ಗೆ ಪವಿತ್ರಳ ಗಂಡ ಮೂರ್ತಿ ನನ್ನನ್ನು ಕಾರಿಡಾರಿನಲ್ಲಿ ತಡೆದ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನು, ಮಾತಿನ ಮಲ್ಲ. ಮೇಲ್ತುಟಿಯ ನಡುವೆ ಹಳೆಯ ಹೊಲಿಗೆಯ ಗುರುತು, ಅದನ್ನು ಮುಚ್ಚಲು ದಪ್ಪ ಮೀಸೆ.

"ಡಾಕ್ಟ್ರಮ್ಮ, ನೀವು ಕಲ್ಲಿನ ಬಗ್ಗೆ ತಿಳ್ಕೊಂಡಿದೀರಂತೆ, ಸಿಸ್ಟರ್ ಹೇಳಿದ್ರು. ಶುಕ್ರವಾರ ಬರ್ತಿರೋದು ನಿಜಾನಾ? ಟೀವೀಲಿ ಪ್ರಳಯ ಪ್ರಳಯ ಅಂತ ಬಡ್ಕೊಳ್ತಾವ್ರೆ."

"ಬರ್ತಿರೋದು ನಿಜ. ಬೀಳಲ್ಲ."

"ನಾನೂ ಅದೇ ಅಂದೆ. ನಮ್ ಏರಿಯಾಲಿ ಸೈಟ್ ರೇಟ್ ನೋಡಿದ್ರೆ ಕಲ್ಲಿಗೂ ಬೀಳಕ್ಕೆ ಜಾಗ ಸಿಗಲ್ಲ ಅಂತ. ಆದ್ರೆ ನಮ್ಮಮ್ಮ ಕೇಳ್ಬೇಕಲ್ಲ. ನೀವೇ ಒಂದ್ಸಲ ಹೇಳ್ಬಿಡಿ."

ಅವನ ತಾಯಿ ವೆಂಕಟಮ್ಮ ಸೊಸೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಅರವತ್ತರ ಆಸುಪಾಸು, ಗಟ್ಟಿ ಆಳು. ವಿಮಾನ ನಿಲ್ದಾಣ ಬರುವುದಕ್ಕೆ ಮುಂಚೆ ಆ ಕಡೆಯಲ್ಲಿ ರಾಗಿ, ದ್ರಾಕ್ಷಿ ಬೆಳೆದ ಕುಟುಂಬ. ನಾನು ಅವರಿಗೆ ಗಾತ್ರ, ದೂರ, ವೇಗ ಎಲ್ಲ ವಿವರಿಸಿದೆ. ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು.

"ಗ್ರಾಣ ಇಡ್ದಾಗ ಸೂರ್ಯ ಬಂದು ನಮ್ ಮೇಲೆ ಬೀಳ್ತಾನಾ, ಡಾಕ್ಟ್ರಮ್ಮ?"

"ಇಲ್ಲ."

"ಆದ್ರೂ ಬಸುರಿ ಒರಗೆ ಬರಬಾರ್ದು ಅಂತಾರೆ. ಬೀಳಾದು ಬ್ಯಾರೆ, ಅದ್ರ ದೃಷ್ಟಿ ಬ್ಯಾರೆ. ಇವ್ನು ಒಟ್ಟೇಲಿದ್ದಾಗ ಗ್ರಾಣ ಇಡ್ದಿತ್ತು. ನಾನು ಲೆಕ್ಕಕ್ಕೇ ಇಡಲಿಲ್ಲ, ಬದನೇಕಾಯಿ ಎಚ್ಚಿದೆ. ಇವನ ತುಟಿ ನೋಡಿ." ಮಗನ ಕಡೆ ತಿರುಗಲಿಲ್ಲ. "ಇವನಿಗೆ ಮೊಲೆ ಚೀಪಕ್ಕೂ ಆಗ್ತಿರ್ಲಿಲ್ಲ. ಅತ್ತಿ ಅದ್ದಿ ಅದ್ದಿ ಆಲು ಇಂಡಿದೀನಿ. ನೀವು ಓದಿರೋರು, ಇಲ್ಲ ಅಂತೀರ. ನಂಗೆ ಗೊತ್ತು."

ಮೂರ್ತಿ ಮೀಸೆಯ ಮೇಲೆ ಬೆರಳಿಟ್ಟುಕೊಂಡು ಕಿಟಕಿ ನೋಡುತ್ತ ನಿಂತ. ಸೀಳುತುಟಿಗೂ ಗ್ರಹಣಕ್ಕೂ ಸಂಬಂಧವಿಲ್ಲವೆಂದು ನಾನು ಹೇಳಿದೆ. ಆ ಮಾತು ಆ ಕೋಣೆಯಲ್ಲಿ ಎಲ್ಲಿಯೂ ತಾಗಲಿಲ್ಲ. ಸುದ್ದಿ ವಾಹಿನಿಯೊಂದರಲ್ಲಿ ಜ್ಯೋತಿಷಿಯೊಬ್ಬರು ಈ ಕ್ಷುದ್ರಗ್ರಹಕ್ಕೂ ಗ್ರಹಣದ ನಿಯಮಗಳೇ ಅನ್ವಯಿಸುತ್ತವೆ, ಗರ್ಭಿಣಿಯರು ಜಾಗ್ರತೆ ಎಂದು ಹೇಳಿದ್ದನ್ನು ಪವಿತ್ರಳೂ ನೋಡಿದ್ದಳು. ಶನಿವಾರ ಮಾಡಿ, ಆ ಕಲ್ಲು ಹೋದ ಮೇಲೆ ಮಾಡಿ ಎಂಬುದು ಮನೆಯವರ ಒಂದೇ ಬೇಡಿಕೆ.

ಸಂಜೆ ಮೇಡಂ ಮನೆಯವರೊಡನೆ ಮಾತಾಡಿದರು. ಮಾತ್ರೆಯಿಂದ ಬಿಪಿ 140ರ ಆಸುಪಾಸಿಗೆ ಇಳಿದಿತ್ತು, ರಕ್ತ ಪರೀಕ್ಷೆ ಚೆನ್ನಾಗಿತ್ತು. ಕಡೆಗೆ ಒಂದು ಒಪ್ಪಂದವಾಯಿತು. ಬಿಪಿ ಹೀಗೆಯೇ ಇದ್ದರೆ ಶನಿವಾರ ಬೆಳಗ್ಗೆ ಮೊದಲ ಕೇಸು. ಏರಿದರೆ ಯಾವ ಗಳಿಗೆಯಾದರೂ ಸರಿ, ಯಾರನ್ನೂ ಕೇಳುವುದಿಲ್ಲ. ಹೊರಗೆ ಬಂದು ಮೇಡಂ ನನಗೆ ಹೇಳಿದರು: "ಒಂದು ದಿನದ ಮಟ್ಟಿಗೆ ಒಪ್ಕೊಂಡಿದೀನಿ. ಬಿಡಬೇಡ, ನಾಲ್ಕು ಗಂಟೆಗೊಂದ್ಸಲ ಬಿಪಿ ನೋಡ್ತಾ ಇರು."

ಶುಕ್ರವಾರ ಬೆಳಗ್ಗೆ ಎಂಟಕ್ಕೆ ನಾನೇ ನೋಡಿದೆ. 144/94. ಮಗುವಿನ ಎದೆಬಡಿತ ಸರಿಯಾಗಿತ್ತು. ಪವಿತ್ರ ಸ್ವಲ್ಪ ಬಾಡಿದಂತಿದ್ದಳು. ನಿದ್ದೆ ಬಂದಿರಲಿಲ್ಲ ಎಂದಳು. ಸಿಸ್ಟರ್ ಗಿರಿಜಾ ಮಾತ್ರೆಯನ್ನು ಅವಳ ಕೈಗಿಟ್ಟು, ನೀರಿನ ಲೋಟ ಪಕ್ಕಕ್ಕಿಟ್ಟು ಮುಂದಿನ ಮಂಚಕ್ಕೆ ಹೋದರು. ನಮ್ಮಲ್ಲಿ ಎಲ್ಲರಿಗೂ ಹಾಗೆಯೇ ಕೊಡುತ್ತಿದ್ದದ್ದು. ಹೊರಗೆ ಒಳ್ಳೆಯ ಬಿಸಿಲು. ಹಿಂದಿನ ವಾರವಿಡೀ ವೈಮಾನಿಕ ಪ್ರದರ್ಶನದ ಯುದ್ಧವಿಮಾನಗಳ ಅಬ್ಬರಕ್ಕೆ ನಮ್ಮ ಕಿಟಕಿ ಗಾಜುಗಳು ನಡುಗುತ್ತಿದ್ದವು. ಅವು ಹೋಗಿ ಆಕಾಶ ಖಾಲಿಯಾಗಿತ್ತು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ರಿಸೆಪ್ಷನ್ನಿನ ಹುಡುಗಿ ಓಡಿ ಬಂದಳು. "ಡಾಕ್ಟ್ರೇ, ಬಿತ್ತಂತೆ! ರಷ್ಯಾದಲ್ಲಿ ಬಿತ್ತಂತೆ!"

ಹೊರಾಂಗಣದ ಟೀವಿಯ ಮುಂದೆ ಜನ ಗುಂಪಾಗಿದ್ದರು. ಮಂಜು ಬಿದ್ದ ಊರು, ಬೆಳಗಿನ ರಸ್ತೆ, ಯಾರದೋ ಕಾರಿನ ಕ್ಯಾಮೆರಾ. ಆಕಾಶದಲ್ಲಿ ಒಂದು ಕಿಡಿ ಹುಟ್ಟಿ, ಉಬ್ಬಿ, ಸೂರ್ಯನನ್ನೇ ಮಂಕು ಮಾಡುವಂತೆ ಉರಿದು, ಬಿಳಿಯ ಗೆರೆ ಬಿಟ್ಟು ಹೋಯಿತು. ರಸ್ತೆಯ ಮೇಲಿನ ನೆರಳುಗಳೆಲ್ಲ ಒಮ್ಮೆ ಗಿರ್ರನೆ ತಿರುಗಿದವು. ಆಮೇಲೆ ಇನ್ನೊಂದು ದೃಶ್ಯದಲ್ಲಿ ಸದ್ದು, ಒಡೆದ ಕಿಟಕಿಗಳು, ರಕ್ತ ಒರೆಸಿಕೊಳ್ಳುವ ಮುಖಗಳು. ಚೆಲ್ಯಾಬಿನ್ಸ್ಕ್ ಎಂಬ ಊರು. ನಮ್ಮ ಲೆಕ್ಕದಲ್ಲಿ ಬೆಳಗ್ಗೆ ಎಂಟು ಐವತ್ತಕ್ಕೆ, ನಾನು ರೌಂಡ್ಸ್ ಮಾಡುತ್ತಿದ್ದ ಹೊತ್ತಿನಲ್ಲಿ ನಡೆದಿತ್ತು. ವಾಹಿನಿ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು, ಕೆಳಗೆ ಕೆಂಪು ಪಟ್ಟಿಯಲ್ಲಿ ರಾತ್ರಿ ದೊಡ್ಡದು ಬರಲಿದೆ ಎಂಬ ಸಾಲು.

ಜನರ ಹಿಂದಿನಿಂದ ವೆಂಕಟಮ್ಮ ನನ್ನನ್ನೇ ನೋಡುತ್ತಿದ್ದರು.

"ಬೀಳಲ್ಲ ಅಂದ್ರಿ."

"ಅಮ್ಮ, ನಾನು ಹೇಳಿದ್ದು ಬೇರೆ ಕಲ್ಲು..."

"ಎಷ್ಟ್ ಕಲ್ಲವೆ ಅಂಗಾದ್ರೆ?"

ಅವರು ಉತ್ತರಕ್ಕೆ ಕಾಯದೆ ಒಳಗೆ ಹೋದರು. ಆ ಗಳಿಗೆಯಲ್ಲಿ ನನಗೆ ನಿಜವಾಗಿ ಭಯವಾಗಿತ್ತು. ಇದು ಆ ಕಲ್ಲಿನದೇ ತುಂಡಾಗಿದ್ದರೆ? ಅದು ಒಂಟಿಯಾಗಿ ಬರದೆ ಜೊತೆಗೆ ಚೂರುಗಳನ್ನು ಎಳೆದುಕೊಂಡು ಬರುತ್ತಿದ್ದರೆ? ಪಟ್ಟಿಯಲ್ಲಿ ಅಂಥದ್ದೇನೂ ಇರಲಿಲ್ಲ. ರಷ್ಯಾದ ಕಲ್ಲೂ ಪಟ್ಟಿಯಲ್ಲಿರಲಿಲ್ಲವಲ್ಲ.

ರಿಸೆಪ್ಷನ್ನಿನ ಕಂಪ್ಯೂಟರಿನಲ್ಲಿ ದಾರಿಯ ನಕ್ಷೆ ತೆಗೆದು, ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಡಿಎ14 ಬರುತ್ತಿದ್ದದ್ದು ದಕ್ಷಿಣದ ಕಡೆಯಿಂದ. ಭೂಮಿಯ ತಳಭಾಗದಿಂದ ಮೇಲಕ್ಕೆ ಹತ್ತಿ ಹೋಗುವ ದಾರಿ ಅದರದ್ದು. ಕೆಳಗಿನಿಂದ ಬರುವ ಕಲ್ಲಿನ ಜೊತೆಗಾರ ಅಷ್ಟು ಉತ್ತರದ ಊರಿನ ಮೇಲೆ ಬೀಳುವಂತಿಲ್ಲ, ನಡುವೆ ಭೂಮಿಯ ಉಬ್ಬೇ ಅಡ್ಡ ನಿಲ್ಲುತ್ತದೆ. ಎರಡಕ್ಕೂ ನಡುವೆ ಹದಿನಾರು ಗಂಟೆಯ ಅಂತರವಿತ್ತು. ರಷ್ಯಾದಲ್ಲಿ ಸ್ಫೋಟವಾದಾಗ ಡಿಎ14 ಇನ್ನೂ ಸುಮಾರು ಚಂದ್ರನಷ್ಟು ದೂರದಲ್ಲಿತ್ತು. ಹಾಗಾದರೆ ಇವೆರಡೂ ಬೇರೆ ಬೇರೆ. ಒಂದೇ ದಿನ ಬಂದದ್ದು ಕಾಕತಾಳೀಯ. ವಿದೇಶದ ತಜ್ಞರೂ ಅದನ್ನೇ ಹೇಳತೊಡಗಿದ್ದರು. ರಷ್ಯಾದ ಕಲ್ಲು ಸೂರ್ಯನ ದಿಕ್ಕಿನಿಂದ ಬಂದಿತ್ತು. ದೂರದರ್ಶಕಗಳು ಆ ಬೆಳಕಿನತ್ತ ನೋಡಲಾರವು. ಹಾಗಾಗಿ ಅದು ಬರುವುದು ಯಾರಿಗೂ ಗೊತ್ತಾಗಲಿಲ್ಲ.

ಸಮಾಧಾನವಾಯಿತು. ಒಳಗೆ ಹೋಗಿ ಹೇಳಬೇಕು ಎಂದುಕೊಳ್ಳುವಾಗ ಸಿಸ್ಟರ್ ಗಿರಿಜಾ ಬಂದರು.

"ಡಾಕ್ಟ್ರೇ, ಹನ್ನೆರಡರ ಬಿಪಿ ತಗೊಳ್ಳಕ್ಕೆ ಬಿಡ್ಲೇ ಇಲ್ಲ ಕಣ್ರೀ. ಮಾತ್ರೆ ಮಾತ್ರ ಈಸ್ಕೊಂಡು, ಮಲಗಿದಾಳೆ, ಆಮೇಲೆ ಬನ್ನಿ ಅಂದ್ರು. ಈಗ ಹೋದ್ರೆ ಚಿಲಕ ಹಾಕ್ಕೊಂಡಿದಾರೆ."

ಬಾಗಿಲು ಬಡಿದೆ. ಎರಡನೆಯ ಸಲಕ್ಕೆ ವೆಂಕಟಮ್ಮ ಒಂದು ಬೆರಳಗಲ ತೆರೆದರು. "ಮುಟ್ಟಬಾರ್ದು ಈಗ. ರಾತ್ರಿ ಅದು ಓಗ್ಲಿ, ಆಮೇಲೆ ನಿಮ್ದೇ ಎಲ್ಲ."

"ಮುಟ್ಟಲ್ಲ. ಬರೀ ನೋಡ್ತೀನಿ." ಅಷ್ಟು ಹೇಳಿ ಭುಜ ತೂರಿಸಿ ಒಳಗೆ ಹೋದೆ.

ಕೋಣೆ ಕತ್ತಲೆಯಾಗಿತ್ತು. ಕಿಟಕಿಗೆ ಎರಡು ಕಂಬಳಿ ಹೊದಿಸಿ, ಅಂಚುಗಳನ್ನು ಸರಳುಗಳಿಗೆ ಕಟ್ಟಿದ್ದರು. ಗಾಳಿ ಇಲ್ಲ. ನೀರಿನ ಲೋಟದ ಮೇಲೆ ದರ್ಭೆ. ಪವಿತ್ರ ಗೋಡೆಯ ಕಡೆ ಮುಖ ಮಾಡಿ ಅಲುಗಾಡದೆ ಮಲಗಿದ್ದಳು. ಗ್ರಹಣದಲ್ಲಿ ಬಸುರಿ ಮಗ್ಗುಲು ಬದಲಿಸಬಾರದೆಂದು ಯಾರೋ ಹೇಳಿದ್ದರಂತೆ.

"ಪವಿತ್ರ, ಹೇಗಿದೀಯಮ್ಮ?"

"ತಲೆ ಸಿಡೀತಿದೆ ಡಾಕ್ಟ್ರೇ. ಕಣ್ಣ್ ಮುಂದೆ ಮಿಣಕ್ ಮಿಣಕ್ ಅಂತ ಕಿಡಿ ಬರ್ತಿದೆ."

"ಆ ಟೀವೀಲಿ ಬೆಂಕಿ ನೋಡಿ ಅಂಗಾಗೈತೆ," ಎಂದರು ವೆಂಕಟಮ್ಮ. "ಬ್ಯಾಡ ಅಂದೆ, ಬಾಗ್ಲಲ್ಲಿ ನಿಂತ್ಕಂಡು ನೋಡಿದ್ಲು. ಅದ್ರ ದೃಷ್ಟೀನೇ ಬಡೀತು. ಅದ್ಕೇ ಕತ್ಲೆ ಮಾಡಿದ್ದು."

ತಾಯಿಯ ಕಣ್ಣೆದುರು ಕಿಡಿ ಕಾಣುವುದು ಈ ಕಾಯಿಲೆ ಕೈಮೀರುತ್ತಿದೆ ಎನ್ನುವುದಕ್ಕೆ ಪಠ್ಯಪುಸ್ತಕದ ಲಕ್ಷಣ. ಮಿದುಳಿಗೆ ಒತ್ತಡ ತಟ್ಟಿದೆ, ಫಿಟ್ಸ್ ಹತ್ತಿರದಲ್ಲಿದೆ ಎಂದರ್ಥ. ಬೇರೆ ಯಾವುದೇ ದಿನವಾಗಿದ್ದರೆ ಇದೇ ವೆಂಕಟಮ್ಮ ಕೂಗಿ ನನ್ನನ್ನು ಕರೆಯುತ್ತಿದ್ದರು. ಆ ದಿನ ಮಾತ್ರ ಅದಕ್ಕೆ ಬೇರೊಂದು ಕಾರಣ ಟೀವಿಯಲ್ಲೇ ಸಿದ್ಧವಾಗಿ ಸಿಕ್ಕಿತ್ತು.

"ಕಿಡಿ ಯಾವಾಗಿಂದ ಕಾಣ್ತಿದೆ?" ಎಂದು ಕೇಳಿದೆ.

"ಹತ್ತೂವರೆ, ಹನ್ನೊಂದರಿಂದ."

"ಟೀವೀಲಿ ಬಂದಿದ್ದು ಹನ್ನೆರಡಕ್ಕೆ."

ಸಿಸ್ಟರ್ ಅಷ್ಟರಲ್ಲಿ ತೋಳಿಗೆ ಪಟ್ಟಿ ಸುತ್ತಿದ್ದರು. 178/118. ಬೆಳಗ್ಗಿನದಕ್ಕೆ ಹೋಲಿಸಿದರೆ ನಂಬುವಂತಿರಲಿಲ್ಲ. ಮತ್ತೆ ನೋಡಿದೆವು, ಅಷ್ಟೇ ಬಂತು.

"ಬೆಳಗ್ಗೆ ಮಾತ್ರೆ ನುಂಗಿದ್ಯಾ?"

ಪವಿತ್ರ ದಿಂಬಿನ ಕಡೆ ಕೈ ಹಾಕಿದಳು. ಬೆಳಗಿನದು ಮತ್ತು ಮಧ್ಯಾಹ್ನದ್ದು, ಎರಡೂ ಅಲ್ಲಿದ್ದವು. ಹಿಂದಿನ ರಾತ್ರಿಯ ಊಟದ ಮೇಲೆ ಅವಳು ಬಾಯಿಗೆ ಏನನ್ನೂ ಹಾಕಿರಲಿಲ್ಲ.

"ಗ್ರಹಣದ ಥರಾನೇ ಇರ್ಬೇಕು ಅಂದ್ರಲ್ಲ. ಮಾತ್ರೆ ತಗೊಂಡ್ರೆ ನೀರು ಕುಡೀಬೇಕು. ಮಗೂಗೆ ಏನಾದ್ರೂ ಆದ್ರೆ ಅಂತ ಹೆದ್ರಿಕೊಂಡೆ."

ವೆಂಕಟಮ್ಮ ತಟ್ಟನೆ ಸೊಸೆಯ ಕಡೆ ತಿರುಗಿದರು. "ಮಾತ್ರೆ ಬಿಡು ಅಂತ ನಾನು ಅಂದ್ನೇನೆ?"

"ನೀವು ಅನ್ಲಿಲ್ಲ ಅತ್ತೆ. ನಾನೇ."

ಮೇಡಂಗೆ ಫೋನ್ ಮಾಡಿದೆ. ಅವರು ಆರ್.ಟಿ. ನಗರದ ಇನ್ನೊಂದು ಆಸ್ಪತ್ರೆಯಲ್ಲಿದ್ದರು. "ಮ್ಯಾಗ್ ಸಲ್ಫ್ ಶುರು ಮಾಡು, ಬಿಪಿ ಇಂಜೆಕ್ಷನ್ ಕೊಡು, ಥಿಯೇಟರ್ ರೆಡಿ ಮಾಡ್ಸು. ಅರಿವಳಿಕೆಯವರಿಗೆ ನಾನೇ ಹೇಳ್ತೀನಿ. ಹೊರಟೆ," ಎಂದರು. ಮ್ಯಾಗ್ ಸಲ್ಫ್ ಎಂದರೆ ಮೆಗ್ನೀಸಿಯಂ ಸಲ್ಫೇಟ್, ಫಿಟ್ಸ್ ತಡೆಯುವ ಔಷಧ. ಆಗ ಹೆಬ್ಬಾಳದಿಂದ ಈಚೆಗೆ ವಿಮಾನ ನಿಲ್ದಾಣದ ಮೇಲ್ರಸ್ತೆಯ ಕೆಲಸ ನಡೆಯುತ್ತಿದ್ದ ಕಾಲ. ಆ ರಸ್ತೆಯಲ್ಲಿ ಹೊರಟೆ ಎಂಬ ಮಾತಿಗೆ ಎಷ್ಟು ಹೊತ್ತು ಎಂದು ಯಾರೂ ಹೇಳಲಾಗುತ್ತಿರಲಿಲ್ಲ.

ಔಷಧಕ್ಕೆ ವೆಂಕಟಮ್ಮ ಅಡ್ಡಿ ಮಾಡಲಿಲ್ಲ. ಆಪರೇಷನ್ ಎಂದೊಡನೆ ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಏರ್‌ಪೋರ್ಟಿನಿಂದ ಓಡಿ ಬಂದ ಮೂರ್ತಿ ಹೊರಗಿನಿಂದ "ಅಮ್ಮಾ, ದಾರಿ ಬಿಡಮ್ಮ" ಎಂದು ಗೋಗರೆಯುತ್ತಿದ್ದ.

"ಬೆಳಿಗ್ಗೇನೇ ಒಂದು ಬಿದ್ದೈತೆ. ದೊಡ್ಡದು ಇನ್ನೂ ಬಂದಿಲ್ಲ. ಈ ಒತ್ನಲ್ಲಿ ಮಗೀನ ಒರಗೆ ತೆಗೀತೀರಾ?" ಎಂದು ಅವರು ನನ್ನನ್ನು ಕೇಳಿದರು. "ರಾತ್ರಿ ಗಂಟ ತಡೀರಿ. ಅಷ್ಟೇ ನಾನು ಕೇಳಾದು. ಇನ್ನ್ಯಾವ್ದೂ ಬೀಳಲ್ಲ ಅಂತ ಏಳಿ ನೋಡಾನ."

ನನ್ನ ಜೇಬಿನಲ್ಲಿ ಲೆಕ್ಕದ ಕಾಗದವಿತ್ತು. ದಕ್ಷಿಣ, ಉತ್ತರ, ಹದಿನಾರು ಗಂಟೆ ಎಲ್ಲವನ್ನೂ ಹೇಳಬಹುದಿತ್ತು. ಬೀಳಲ್ಲ ಎಂದು ಇನ್ನೊಮ್ಮೆ ಖಡಾಖಂಡಿತವಾಗಿ ಹೇಳಿಬಿಡಬಹುದಿತ್ತು. ಆದರೆ ಆ ಹೆಂಗಸು ಕೇಳುತ್ತಿದ್ದದ್ದು ಲೆಕ್ಕ ಹಾಕಿದ ಕಲ್ಲಿನ ವಿಷಯವಲ್ಲ.

"ಗೊತ್ತಿಲ್ಲ ಅಮ್ಮ," ಎಂದೆ. "ರಾತ್ರಿ ಬರೋದು ಬೀಳಲ್ಲ. ಅದರ ದಾರಿ ಅಳೆದಿದಾರೆ. ಬೆಳಗ್ಗೆ ಬಿದ್ದಿದ್ದು ಯಾರ ಪಟ್ಟೀಲೂ ಇರ್ಲಿಲ್ಲ. ಅಂಥದ್ದು ಇನ್ನೊಂದಿದ್ರೆ ನಂಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆದ್ರೆ ಇವಳಿಗೆ ಏನಾಗ್ತಿದೆ ಅಂತ ಗೊತ್ತು. ರಾತ್ರಿ ತನಕ ಇವಳು ತಡೆಯಲ್ಲ."

ವೆಂಕಟಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಆಗ ಮಂಚದಿಂದ ಪವಿತ್ರಳ ದನಿ ಬಂತು. ಅಳು ಇರಲಿಲ್ಲ, ಆಶ್ಚರ್ಯಪಟ್ಟಂತಿತ್ತು.

"ಅತ್ತೆ, ದೀಪ ಹಾಕಿ. ಏನೂ ಕಾಣ್ತಿಲ್ಲ."

ವೆಂಕಟಮ್ಮ ಕಿಟಕಿಗೆ ಹೋಗಿ ಕಂಬಳಿಯ ಗಂಟು ಬಿಚ್ಚಲು ನೋಡಿದರು, ಬಿಚ್ಚಲಿಲ್ಲ. ಎರಡು ಕೈಯಲ್ಲೂ ಹಿಡಿದು ಎಳೆದರು. ಮಧ್ಯಾಹ್ನದ ಬಿಸಿಲು ಕೋಣೆಯೊಳಗೆ, ಮಂಚದ ಮೇಲೆ, ಪವಿತ್ರಳ ಮುಖದ ಮೇಲೆ ಬಿತ್ತು. ನಮಗೆಲ್ಲ ಕಣ್ಣು ಚುಚ್ಚಿದಂತಾಯಿತು. ಅವಳು ಮಾತ್ರ ರೆಪ್ಪೆ ಕೂಡ ಬಡಿಯಲಿಲ್ಲ.

"ಈಗ ಕಾಣ್ತದೇನವ್ವಾ?"

"ಇಲ್ಲ ಅತ್ತೆ. ಹಾಕಿ ದೀಪ."

ಆಮೇಲೆ ಯಾರೂ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಒಪ್ಪಿಗೆ ಪತ್ರಕ್ಕೆ ಮೂರ್ತಿ ಸಹಿ ಮಾಡಿದ. ರೋಗಿಯ ಸಹಿಗೆ ವೆಂಕಟಮ್ಮ ಸೊಸೆಯ ಬೆರಳುಗಳ ನಡುವೆ ಪೆನ್ನಿಟ್ಟು, ಕಾಗದದ ಮೇಲೆ ಜಾಗ ತೋರಿಸಿದರು. ಸ್ಟ್ರೆಚರಿಗೆ ಎತ್ತುವಾಗ ಪವಿತ್ರಳಿಗೆ ಫಿಟ್ಸ್ ಬಂತು. ಮೈಯೆಲ್ಲ ಸೆಟೆದು, ಹಲ್ಲು ಕಚ್ಚಿ, ಮುಖ ನೀಲಿಗೆ ತಿರುಗಿತು. ಮಗ್ಗುಲಿಗೆ ತಿರುಗಿಸಿ, ಆಮ್ಲಜನಕ ಹಿಡಿದೆವು. ಔಷಧ ಆಗಲೇ ಒಳಗೆ ಹೋಗುತ್ತಿದ್ದುದರಿಂದ ಅದು ಬೇಗ ನಿಂತಿತು. ಮಗುವಿನ ಎದೆಬಡಿತ ನಿಧಾನವಾಯಿತು. ಮೇಡಂ ಬಂದು ಸೇರಿದ್ದು ಅದೇ ಹೊತ್ತಿಗೆ. ಬ್ಯಾಟರಾಯನಪುರದ ಹತ್ತಿರ ಕಾರು ಅಲ್ಲಾಡದಾಗ ಇಳಿದು, ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದರು. ಸೀರೆಯ ಮೇಲೆಲ್ಲ ರಸ್ತೆ ಕೆಲಸದ ಧೂಳು.

ಸಂಜೆ ಹೆಣ್ಣುಮಗು ಹುಟ್ಟಿತು. 2.2 ಕಿಲೋ. ಮೊದಲು ಅಳಲಿಲ್ಲ, ಬೆನ್ನು ಉಜ್ಜಿ, ಉಸಿರು ಕೊಟ್ಟ ಮೇಲೆ ಅತ್ತಿತು. ಹೊರಗೆ ತಂದು ತೋರಿಸಿದಾಗ ವೆಂಕಟಮ್ಮ ಹೆಣ್ಣೋ ಗಂಡೋ ಕೇಳಲಿಲ್ಲ. ತೋರುಬೆರಳಿನಿಂದ ಮಗುವಿನ ಮೇಲ್ತುಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಸವರಿದರು. ಆಮೇಲೆ "ಅವಳಿಗೆ ಕಣ್ಣು ಬಂತಾ?" ಎಂದರು.

ಬಂದಿರಲಿಲ್ಲ. ಈ ಕಾಯಿಲೆಯಲ್ಲಿ ಹೀಗೆ ಹೋದ ದೃಷ್ಟಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮರಳುತ್ತದೆ. ಸಾಮಾನ್ಯವಾಗಿ ಎಂಬ ಪದವನ್ನು ನಾನು ಅವರಿಗೆ ಮುಚ್ಚಿಡದೆ ಹೇಳಿದೆ. ಫಿಟ್ಸ್ ಮತ್ತೆ ಬರುವ ಭಯ ಇನ್ನೂ ಒಂದು ದಿನವಿತ್ತು. ಅಂದು ಕಲ್ಲು ಹಾದುಹೋದ ಗಳಿಗೆ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ಗಡಿಯಾರ ನೋಡುತ್ತಿದ್ದೆವು ನಿಜ, ಅವಳ ಬಿಪಿ ಬರೆಯುವುದಕ್ಕಾಗಿ. ಇಡೀ ಶನಿವಾರ ಪವಿತ್ರ ಮಗುವನ್ನು ಕೈಯಿಂದಲೇ ನೋಡಿದಳು. ಭಾನುವಾರ ಬೆಳಗ್ಗೆ ಸಿಸ್ಟರ್ ಗಿರಿಜಾರ ಸೀರೆ ನೀಲಿಯಾ ಎಂದು ಕೇಳಿದಳು. ಹಸಿರಾಗಿತ್ತು. ಆದರೂ ಮೂರ್ತಿ ಕಾರಿಡಾರಿನಲ್ಲಿ ನಿಂತು ಗಟ್ಟಿಯಾಗಿ ಅತ್ತ. ಸೋಮವಾರದ ಹೊತ್ತಿಗೆ ಬಣ್ಣವೂ ಸರಿಯಾಗಿ ಕಂಡಿತು.

ಮುಂದಿನ ವಾರ ಮನೆಗೆ ಹೊರಟಾಗ ವೆಂಕಟಮ್ಮ ನನ್ನ ಮೇಜಿನ ಬಳಿ ಬಂದು ಕೂತರು.

"ಆ ಕಲ್ಲು ಏನಾತು?"

ಹೇಳಿದೆ. ಹೇಳಿದ ಹೊತ್ತಿಗೆ, ಹೇಳಿದಷ್ಟೇ ದೂರದಲ್ಲಿ ಹೋಯಿತು. ಅಷ್ಟು ಹತ್ತಿರ ಬಂದದ್ದರಿಂದ ಭೂಮಿಯೇ ಅದರ ದಾರಿಯನ್ನು ಬಗ್ಗಿಸಿತು. ಇನ್ನು ಮುಂದೆ ಅದು ಸೂರ್ಯನನ್ನು 368ರ ಬದಲು 317 ದಿನಕ್ಕೆ ಸುತ್ತುತ್ತದೆ. ಮತ್ತೆ ಗಮನಿಸುವಷ್ಟು ಹತ್ತಿರ ಬರುವುದು 2046ರ ಫೆಬ್ರವರಿಯಲ್ಲಿ. ಆಗಲೂ ಹತ್ತು ಲಕ್ಷ ಕಿಲೋಮೀಟರಿಗಿಂತ ಆಚೆಯೇ. ಅದಕ್ಕೂ ಮುಂಚೆ, 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಇನ್ನೊಂದು ಹಾದುಹೋಗುತ್ತದೆ. ಅದು ಮುನ್ನೂರು ಮೀಟರಿಗೂ ದೊಡ್ಡದು, ಟೀವಿ ಉಪಗ್ರಹಗಳಿಗಿಂತ ಹತ್ತಿರ. ಅದೂ ಬೀಳುವುದಿಲ್ಲ.

"ಆಗ ಮಗೀಗೆ ಅದ್ನಾರು ವರ್ಷ," ಎಂದು ಅವರು ಲೆಕ್ಕ ಹಾಕಿದರು. ಆಮೇಲೆ, "ನೀವು ಏಳಿದ್ದೆಲ್ಲ ಗೊತ್ತಿರಾವು. ಗೊತ್ತಿಲ್ದಿರಾದು ಯಾವಾಗ?" ಎಂದರು.

ಅವರೇ ಎದ್ದು ಸೆರಗು ಸರಿ ಮಾಡಿಕೊಂಡು, "ಬರ್ತೀವಿ ಡಾಕ್ಟ್ರಮ್ಮ, ಒತ್ತೊತ್ತಿಗೆ ಊಟ ಮಾಡಿ" ಎಂದು ಹೋದರು.

ಆರು ವರ್ಷಗಳ ಮೇಲೆ, 2019ರ ಜುಲೈ 25, ಗುರುವಾರ. ನಾನು ಅಷ್ಟರಲ್ಲಿ ಪ್ರಸೂತಿಯಲ್ಲಿ ಎಂ.ಡಿ. ಮುಗಿಸಿ ಯಶವಂತಪುರದ ಕಡೆ ಕೆಲಸದಲ್ಲಿದ್ದೆ. ಡ್ಯೂಟಿ ಮುಗಿಸಿ ಪಟ್ಟಿ ತೆರೆದಾಗ ಅದರಲ್ಲಿ ಒಂದು ಹೊಸ ಹೆಸರಿತ್ತು, 2019 ಓಕೆ. ಐವತ್ತೇಳರಿಂದ ನೂರಮೂವತ್ತು ಮೀಟರಿನ ನಡುವೆ ಎಲ್ಲಿಯೋ ಒಂದು ಗಾತ್ರ. ಅಂದು ಬೆಳಗ್ಗೆ ಏಳಕ್ಕೆ ಮುಂಚೆ, ಸುಮಾರು ಎಪ್ಪತ್ತು ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಗಿಬಿಟ್ಟಿತ್ತು. ಬ್ರೆಜಿಲ್ಲಿನ ವೀಕ್ಷಕರು ಅದನ್ನು ಗುರುತಿಸಿದ್ದು ಹಿಂದಿನ ದಿನವಷ್ಟೇ. ನಾನು ಅದರ ಹೆಸರು ಓದುವ ಹೊತ್ತಿಗೆ ಅದು ದೂರ ಸಾಗುತ್ತಿತ್ತು.

ಆಮೇಲೆ ಓದಿ ತಿಳಿದದ್ದು ಇದಕ್ಕಿಂತ ಕಳವಳದ್ದು. ಕೆಲವು ವಾರ ಮೊದಲೇ ದೊಡ್ಡ ದೂರದರ್ಶಕಗಳ ಚಿತ್ರಗಳಲ್ಲಿ ಆ ಕಲ್ಲು ಬಂದಿತ್ತು. ಯಾರೂ ಗುರುತಿಸಲಿಲ್ಲ. ಕ್ಷುದ್ರಗ್ರಹಗಳನ್ನು ಹುಡುಕುವ ಕ್ರಮವೇ ಹಾಗೆ: ಒಂದಾದ ಮೇಲೊಂದು ಚಿತ್ರ ತೆಗೆದು, ನಕ್ಷತ್ರಗಳ ನಡುವೆ ಸರಿದಾಡುವ ಚುಕ್ಕೆಯನ್ನು ಆರಿಸುತ್ತಾರೆ. ಈ ಚುಕ್ಕೆ ಸರಿದಾಡಲೇ ಇಲ್ಲವೆನ್ನುವಷ್ಟು ನಿಧಾನವಾಗಿತ್ತು, ಏಕೆಂದರೆ ಅದು ಹೆಚ್ಚುಕಡಿಮೆ ನೇರವಾಗಿ ನಮ್ಮ ಕಡೆಗೇ ಬರುತ್ತಿತ್ತು.

ಅಂದಿನಿಂದ ನನ್ನ ಕೈಕೆಳಗೆ ಕೆಲಸ ಕಲಿಯುವ ಕಿರಿಯ ವೈದ್ಯರಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ಮಾತ್ರೆ ಕೊಟ್ಟರೆ ನುಂಗುವವರೆಗೆ ನಿಂತು ನೋಡಿ. ರೋಗಿಯ ನೋವಿಗೆ ಮನೆಯವರು ಕಾರಣ ಹೇಳಿದರೆ ಅಲ್ಲಗಳೆಯುವ ಮೊದಲು ಯಾವಾಗಿನಿಂದ ಎಂದು ಕೇಳಿ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳಿ, ಅದು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ. ಕಡೆಯದಾಗಿ, ಏನೂ ಬದಲಾಗದೆ ಎಲ್ಲವೂ ನೆಟ್ಟಗಿರುವಂತೆ ಕಾಣುವ ಮಂಚದ ಬಳಿಗೆ ಇನ್ನೊಮ್ಮೆ ಹೋಗಿಬನ್ನಿ.